ಒಂದು ಮೊರ ನುಚ್ಚಿಗೆ ಮಾರಿದ ಕೂಸು ಮತ್ತು ತಮ್ಮ ಕಚೇರಿಯ ಶಿಕ್ಕಾ

ಮಾನ್ಯ ಜನನ-ಮರಣ ನೋಂದಣಿ ಅಧಿಕಾರಿ ಸಾಹೇಬರೇ,

ನಮ್ಮ ಮನೆಯವರು ಒಂದು ಕೂಸನ್ನು ಮಾರಿದ್ದಾರೆ ಎಂದು ತಮ್ಮ ಕಚೇರಿ ಆರೋಪ ಹೊರಿಸಿದೆ. ಆರೋಪ ನಿಜ. ಮಾರಿದ್ದೇವೆ. ಕೊಂಡವರು ಪಕ್ಕದ ಮನೆಯ ರಾಧಾಬಾಯಿಯವರು. ಬೆಲೆ, ಒಂದು ಮೊರ ಜೋಳದ ನುಚ್ಚು. ಆ ನುಚ್ಚನ್ನು ಅಂದೇ ಬೇಯಿಸಿ, ಮಜ್ಜಿಗೆ ಕಲಸಿಕೊಂಡು ಮನೆಮಂದಿಯೆಲ್ಲ ಉಂಡಿದ್ದೇವೆ; ಆದ್ದರಿಂದ ಮುದ್ದೆಮಾಲು ಜಪ್ತಿ ಮಾಡಲು ಶಿಪಾಯಿಯನ್ನು ಕಳಿಸುವ ತಸದಿ ತಮಗೆ ಬೇಡ. ಇಷ್ಟನ್ನೆಲ್ಲ ಒಪ್ಪಿಕೊಂಡ ಮೇಲೂ ನಾನು ತಮ್ಮನ್ನೇ ಕೇಳುತ್ತೇನೆ: ಆ ಕೂಸಿನ ಜನ್ಮದಾಖಲೆಯಲ್ಲಿ ‘ಮುಕ್ತಾ’ ಎಂದು ಎರಡಕ್ಷರ ಬರೆದುಕೊಡಲು ತಮ್ಮ ಕೈ ಯಾಕೆ ಏಳುತ್ತಿಲ್ಲ? ಹೆಸರಿಲ್ಲದ ದಾಖಲೆ ನಡೆಯುವುದಿಲ್ಲ ಎಂದು ದವಾಖಾನೆಯ ಧರ್ಮಾರ್ಥ ನಿಧಿಯವರು ಹಟ ಹಿಡಿದು ಕೂತಿದ್ದಾರೆ. ಅವರು ಹೂಂ ಅನ್ನದೆ ಅವಳ ಹೃದಯದ ಆಪರೇಶನ್ನಿಗೆ ತಾರೀಖು ಸಿಗುವುದಿಲ್ಲ.

ಇದನ್ನು ಕನ್ನಡದಲ್ಲಿ, ಅದೂ ಊರ ಮುಂದೆ, ಯಾಕೆ ಬರೆಯುತ್ತಿದ್ದೀ ಎಂದು ಕೇಳಬಹುದು. ಮರಾಠಿಯಲ್ಲಿ ಬರೆದುಕೊಟ್ಟ ಅರ್ಜಿಗಳು ತಮ್ಮ ಕಚೇರಿಯ ಕಪಾಟಿನಲ್ಲಿ ಸುಖವಾಗಿವೆ. ನಮ್ಮ ಕನ್ನಡ ಬಳಗದ ಈ ಮಾಸಪತ್ರಿಕೆ ತಮ್ಮ ಮನೆಗೆ ಬರುತ್ತದೆಂದು ಸಂಪಾದಕರು ಹೇಳಿದರು. ಕಚೇರಿಯಲ್ಲಿ ಓದಲು ಪುರಸೊತ್ತಾಗದ್ದನ್ನು ಭಾನುವಾರ ಚುರಮುರಿ ತಿನ್ನುತ್ತಾ ಮನೆಯಲ್ಲಾದರೂ ಓದಿಯೀರಿ ಎಂಬ ಆಸೆ. ಇನ್ನೇನು ಹೊಸ ಸಹಸ್ರಮಾನ ಬರುತ್ತದೆ, ಅಂದು ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಪೇಪರಿನವರು ದಿನಾ ಹೆದರಿಸುತ್ತಿದ್ದಾರೆ. ತಮ್ಮ ಕಚೇರಿಗೆ ಆ ಚಿಂತೆಯಿಲ್ಲ. ಅಲ್ಲಿ ನಿಲ್ಲುವುದಕ್ಕೆ ಮೊದಲು ಏನಾದರೂ ನಡೆಯುತ್ತಿರಬೇಕಲ್ಲ?

ನನ್ನ ಪರಿಚಯ ಹೇಳುತ್ತೇನೆ. ಹಡಪಸರದಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಂಪನಿಯಲ್ಲಿ ಗುಮಾಸ್ತ. ಮೂಲ ಸವದತ್ತಿ ಕಡೆ. ಬಿ.ಎಸ್‌ಸಿ. ಪಾಸಾದವನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ‘ಕಲಿತವರೂ ಹಿಂಗ ಮಾಡಿದರ ಹೆಂಗ್ರಿ’ ಎಂದು ತಾವೇ ಎಲ್ಲರೆದುರಿಗೆ ಅಂದಿರಿ, ಅದಕ್ಕೆ. ಮನೆಯಲ್ಲಿ ನನ್ನ ಹೆಂಡತಿ ರೇಣು, ನನ್ನ ಅವ್ವ ಭೀಮವ್ವ, ಮತ್ತು ಕಳೆದ ಮಾರ್ಚಿನಿಂದ ಆ ಕೂಸು. ಹೆತ್ತವಳು ರೇಣು, ಅದಕ್ಕೆ ನರ್ಸಿಂಗ್ ಹೋಮಿನವರ ಸಾಕ್ಷಿಯಿದೆ, ತಮ್ಮದೇ ರಜಿಸ್ಟರಿನಲ್ಲಿ ಅವಳ ಹೆಸರಿದೆ, ಅದರ ಕೆಳಗೆ ನನ್ನದಿದೆ. ಈ ವಿಷಯದಲ್ಲಿ ಯಾರಿಗೂ ಯಾರೊಂದಿಗೂ ತಂಟೆಯಿಲ್ಲ. ಕೂಸಿನ ಹೆಸರಿನ ಜಾಗವನ್ನು ಮಾತ್ರ ಆಗ ಖಾಲಿ ಬಿಟ್ಟಿದ್ದೆವು, ಯಾಕೆಂದರೆ ಹೆಸರಿಡಬೇಕಾದ ಸೋದರತ್ತೆಗೆ ರಜೆ ಸಿಕ್ಕಿರಲಿಲ್ಲ.

ಎರಡು ತಿಂಗಳಾಗುತ್ತಲೇ ನಮಗೆ ಅನುಮಾನ ಬಂತು. ಹಾಲು ಕುಡಿಯುವಾಗ ಹಣೆಯ ತುಂಬ ಬೆವರು. ಅತ್ತರೆ ತುಟಿ, ಉಗುರು ಎಲ್ಲ ನೇರಳೆಹಣ್ಣು ತಿಂದಂತೆ ನೀಲಿ. ದೊಡ್ಡ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು: ಹೃದಯದ ನಡುಗೋಡೆಯಲ್ಲಿ ತೂತು, ಪುಪ್ಪುಸಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಪಂಪಿನ ಕಂಪನಿಯವನಾದ್ದರಿಂದ ನನಗೆ ಕೂಡಲೇ ತಿಳಿಯಿತು. ವಾಲ್ವು ಬಿಗಿ, ಒಳಗೆ ಲೀಕೇಜು. ಗ್ಯಾರಂಟಿ ಅವಧಿಯೇನೋ ಮುಗಿದಿಲ್ಲ, ಆದರೆ ವಾಪಸು ಕಳಿಸೋಣವೆಂದರೆ ಕಾರ್ಖಾನೆಯ ವಿಳಾಸ ಗೊತ್ತಿಲ್ಲ. ನಾನು ಹೀಗೆ ಅಂದದ್ದಕ್ಕೆ ರೇಣು ಅಲ್ಲಿಯೇ ನಕ್ಕಳು, ನಕ್ಕು ಹೊರಗೆ ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನೂ ಅತ್ತೆ. ರಿಪೇರಿ ಆಗುತ್ತದೆ, ಆದರೆ ವರ್ಷ ತುಂಬುವುದರೊಳಗೆ ಆಗಬೇಕು, ಅಲ್ಲಿಯತನಕ ಒಂದೇ ಪಥ್ಯ ಎಂದಿದ್ದರು ಡಾಕ್ಟರು: ಕೂಸನ್ನು ಅಳಿಸಬೇಡಿ.

ಅಳಿಸಬೇಡಿ! ಸಾಹೇಬರೇ, ಕೂಸನ್ನು ಅಳಿಸದೆ ಬೆಳೆಸುವುದೆಂದರೇನು ಎಂದು ತಮಗೆ ಅಂದಾಜಿದೆಯೇ? ಕೂಸೆಂದರೆ ಅಳುವುದಕ್ಕೇ ಹುಟ್ಟಿದ್ದು, ಅದರ ಇಡೀ ನೌಕರಿಯೇ ಅದು. ಅಂದಿನಿಂದ ನಮ್ಮ ಕಟ್ಟಡದ ರಾಜ್ಯಭಾರ ಅವಳ ಕೈಗೆ ಹೋಯಿತು. ಕೇಳಿದ್ದು ಕೊಡದಿದ್ದರೆ ಅಳುತ್ತಾಳೆ, ಅತ್ತರೆ ನೀಲಿಯಾಗುತ್ತಾಳೆ. ಆದ್ದರಿಂದ ಕೇಳಿದ್ದೆಲ್ಲ ಕೊಡು. ರಾಧಾಬಾಯಿಯವರ ಯಜಮಾನರು ಅವಧೂತರಾಯರು, ನಿವೃತ್ತ ಹೆಡ್‌ಮಾಸ್ತರರು, ಸಿಟ್ಟಿನ ಮನುಷ್ಯ. ಅವರ ಕನ್ನಡಕ ಈಗ ಅವಳ ಬಾಯಲ್ಲಿರುತ್ತದೆ, ಅವರು ಪೇಪರನ್ನು ಮೂಗಿಗೆ ಹತ್ತಿಸಿಕೊಂಡು ಓದುತ್ತಾರೆ. ಕೆಳಗಿನ ಮನೆಯವರು ಕುಕ್ಕರಿನ ಸೀಟಿ ಹೊಡೆಸುವ ಮೊದಲು ಮೇಲೆ ಬಂದು ‘ಎದ್ದದ ಏನ್ರಿ, ಮಲಗ್ಯದ ಏನ್ರಿ’ ಎಂದು ಕೇಳಿ ಹೋಗುತ್ತಾರೆ. ಗಣಪತಿ ಹಬ್ಬದಲ್ಲಿ ನಮ್ಮ ಗಲ್ಲಿಯ ಮಂಡಳದ ಹುಡುಗರು ಢೋಲುಗಳನ್ನು ಹೆಗಲ ಮೇಲೆ ಹೊತ್ತು, ಬಾರಿಸದೆ, ಬೆಕ್ಕಿನ ಹಾಗೆ ನಮ್ಮ ಮನೆ ದಾಟಿಹೋದರು. ಪುಣೆಯಲ್ಲಿ ಇಂಥದ್ದನ್ನು ಯಾರಾದರೂ ಕಂಡಿದ್ದಾರೆಯೇ? ಇಷ್ಟಾಗಿಯೂ ಒಮ್ಮೊಮ್ಮೆ ಅತ್ತೇ ಬಿಡುತ್ತಾಳೆ. ಆಗ ಅವಳ ಎರಡೂ ಮೊಣಕಾಲುಗಳನ್ನು ಮಡಚಿ ಎದೆಗೆ ಒತ್ತಿ ಹಿಡಿಯಬೇಕು, ಬಣ್ಣ ತಿರುಗುವವರೆಗೆ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಉಸಿರಾಡುವುದಿಲ್ಲ. ತುಟಿ ಕೆಂಪಾದ ಮೇಲೆ ಅವ್ವ ‘ಬಂತು, ಬಂತು’ ಅನ್ನುತ್ತಾಳೆ, ರೇಣು ಅದರ ಹಣೆಯ ಬೆವರು ಒರೆಸುತ್ತಾಳೆ, ಕೂಸು ಏನೂ ಆಗಿಲ್ಲವೆಂಬಂತೆ ಕನ್ನಡಕ ಕೇಳುತ್ತದೆ.

ಈಗ ಮಾರಾಟದ ವಿಷಯ. ಡಾಕ್ಟರರ ಮಾತು ಕೇಳಿಕೊಂಡು ನಾವು ಮನೆಗೆ ಬಂದ ವಾರದಲ್ಲೇ ಅವ್ವ ನಿರ್ಧಾರ ಮಾಡಿಬಿಟ್ಟಳು. ಇದು ನಮ್ಮ ಕಡೆಯ ಹಳೇ ಪದ್ಧತಿ, ತಮಗೆ ಗೊತ್ತಿಲ್ಲದ್ದೇನಲ್ಲ. ಕೈಗೆ ಹತ್ತುವುದೋ ಇಲ್ಲವೋ ಎಂಬ ಕೂಸನ್ನು, ಮಕ್ಕಳೆಲ್ಲ ಗಟ್ಟಿಮುಟ್ಟಾಗಿರುವ ಬೇರೆ ಮನೆತನದ ಹೆಣ್ಣುಮಗಳಿಗೆ ನುಚ್ಚಿಗೋ ತೌಡಿಗೋ ಮಾರಿಬಿಡುವುದು. ಆಮೇಲೆ ಒಯ್ಯಲು ಬಂದವರಿಗೆ ನಮ್ಮ ಮನೆಯಲ್ಲಿ ಆ ಲೆಕ್ಕದ ಕೂಸೇ ಸಿಗಬಾರದು. ರಾಧಾಬಾಯಿಯವರಿಗೆ ಎತ್ತಿನಂಥ ಮೂವರು ಗಂಡುಮಕ್ಕಳಿದ್ದಾರೆ. ಧಾರವಾಡದವರು, ಪುಣೆಗೆ ಬಂದು ನಲವತ್ತು ವರ್ಷವಾಯಿತು. ಅವ್ವ ಕೂಸನ್ನು ಮೊರದಲ್ಲಿಟ್ಟು ಹೊಸ್ತಿಲ ಮೇಲೆ ಇಟ್ಟಳು. ರಾಧಾಬಾಯಿಯವರು ರೇಷ್ಮೆ ಸೀರೆ ಉಟ್ಟುಕೊಂಡು ಬಂದರು, ಖರೀದಿ ಎಂದಮೇಲೆ ಖರೀದಿ. ‘ಕೂಸು ಮಾರೋದದ ಏನ್ರಿ ಭೀಮವ್ವ?’ ‘ಹೌದ್ರಿ, ಒಯ್ರಿ, ಇದರ ಕಾಟ ಸಾಕಾಗೈತಿ.’ ನುಚ್ಚು ಸುರಿದರು, ಕೂಸನ್ನೆತ್ತಿಕೊಂಡು ತಮ್ಮ ಮನೆಗೆ ಹೋದರು, ತುಸು ಹೊತ್ತಿನ ಮೇಲೆ ತಂದು ರೇಣುವಿನ ಕೈಗಿಟ್ಟು, ‘ನನ್ನ ಮಗಳನ್ನ ಸಾಕಾಕ ಕೊಟ್ಟೀನಿ. ಚಲೋತ್ನಂಗ ನೋಡ್ಕೋಬೇಕು, ಹೇಳಿರ್ತೀನಿ’ ಎಂದರು. ಅವಧೂತರಾಯರು ಬಾಗಿಲಲ್ಲಿ ನಿಂತು ‘ಈ ವಯಸ್ಸಿನ್ಯಾಗ ನನಗ ಹೆಣ್ಣುಮಗಳು’ ಎಂದು ಪೇಢೆ ಹಂಚಿದರು. ಕರೆಯುವುದಕ್ಕೆ ಅವ್ವ ‘ತಿಪ್ಪವ್ವ’ ಎಂದು ಹೆಸರಿಟ್ಟಳು, ಕೇಳಿದವರಿಗೆ ಬೇಡವೇ ಬೇಡ ಅನ್ನಿಸಲಿ ಎಂದು. ಕಾಗದಕ್ಕೆ ಮಾತ್ರ ಸೋದರತ್ತೆ ಆರಿಸಿದ ಮುಕ್ತಾ.

ನಾನು ನಕ್ಕೆ. ರೇಣುವೂ ನಕ್ಕಳು. ನಾವು ಕಲಿತವರು ನೋಡಿ! ಆದರೆ ರಾಧಾಬಾಯಿಯವರು ನಗಲಿಲ್ಲ. ದಿನಾ ಬೆಳಿಗ್ಗೆ ಮಾಲೀಕತ್ವದ ತಪಾಸಣೆಗೆ ಬರುತ್ತಾರೆ. ‘ನನ್ನ ಮಗಳಿಗೆ ಟೊಪ್ಪಿಗಿ ಯಾಕ ಹಾಕಿಲ್ಲ? ನನ್ನ ಮಗಳ ಔಷಧ ಹಾಕಿದ್ರೋ, ಮರತ್ರೋ?’ ಹೆತ್ತವಳಿಗೆ ಹೀಗೆ ದಬಾಯಿಸುತ್ತಾರೆ. ಅವ್ವನದು ಒಂದೇ ಕಟ್ಟಳೆ: ಕೂಸು ಗಟ್ಟಿಯಾಗಿ, ನಾವು ಅದನ್ನು ತಿರುಗಿ ಕೊಂಡುಕೊಳ್ಳುವವರೆಗೆ, ಇದು ನಮ್ಮದು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಕೂಡದು. ‘ಕೇಳಬಾರದವರು ಕೇಳಿಸ್ಕೋತಾರ’ ಅನ್ನುತ್ತಾಳೆ. ಶ್ರಾವಣದಲ್ಲಿ ಒಂದು ಸಂಜೆ ರೇಣು ಎಣ್ಣೆ ಹಚ್ಚುತ್ತಾ ಮೈಮರೆತು ಆ ಮಾತು ಆಡಿಬಿಟ್ಟಳು, ಮುದ್ದಿಗೆ. ದೀಪ ಹಚ್ಚುವಷ್ಟರಲ್ಲಿ ಕೂಸು ಅತ್ತು ನೀಲಿಯಾಯಿತು, ಮೊಣಕಾಲು ಮಡಚಿ ಹಿಡಿದರೂ ಬಣ್ಣ ಬೇಗ ತಿರುಗಲಿಲ್ಲ. ರಿಕ್ಷಾದಲ್ಲಿ ದವಾಖಾನೆಗೆ ಓಡಿದೆವು. ಡಾಕ್ಟರರು ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಇಲ್ಲ, ಖಂಡಿತ ಇಲ್ಲ. ಅಂದಿನಿಂದ ರೇಣು ಅವಳನ್ನು ‘ರಾಧಾಬಾಯಿ ಬಂಗಾರ’ ಎಂದೇ ಕರೆಯುತ್ತಾಳೆ.

ದಸರಾ ಮುಗಿದ ಮೇಲೆ, ಹೆಸರು ಸೇರಿಸುವ ಅರ್ಜಿಯನ್ನು ಕೊಟ್ಟು ಬರಲು ಅವ್ವ ಮತ್ತು ರಾಧಾಬಾಯಿಯವರು ತಮ್ಮ ಕಚೇರಿಗೆ ಹೋದರು. ನನಗೆ ಆಡಿಟ್ಟು, ರೇಣುವಿಗೆ ಕೂಸು. ಕಿಟಕಿಯ ಒಳಗಿದ್ದ ತಮ್ಮ ಗುಮಾಸ್ತರು ಸಹಜವಾಗಿ, ಒಂದು ಮಾತಿಗೆ, ‘ಬಾಳ ಕೋಣಾಚಂ?’ ಅಂದರು. ಕೂಸು ಯಾರದು? ಜಗತ್ತಿನ ಯಾವ ಅಜ್ಜಿಯನ್ನು ಕೇಳಿದರೂ ತೊಂದರೆಯಿಲ್ಲದ ಪ್ರಶ್ನೆ. ಅವ್ವ ತನ್ನ ಸಂತೆಯ ಮರಾಠಿಯಲ್ಲಿ, ಗಟ್ಟಿ ದನಿಯಲ್ಲಿ, ‘ನಮ್ಮದಲ್ಲ. ಮಾರೇವಿ. ಈ ಬಾಯಿ ತಗೊಂಡಾರ’ ಎಂದು ರಾಧಾಬಾಯಿಯವರನ್ನು ತೋರಿಸಿದಳು. ಗುಮಾಸ್ತರು ರಾಧಾಬಾಯಿಯವರ ಮುಖ ನೋಡಿದರು. ಹೆಡ್‌ಮಾಸ್ತರರ ಹೆಂಡತಿ ಸುಳ್ಳು ಹೇಳಿಯಾರೇ? ‘ಹೋಯ್, ಮಾಝೀಚ ಆಹೆ’ ಎಂದರು. ಹೌದು, ನನ್ನದೇ. ಏನು ಕೊಟ್ಟಿರಿ ಎಂದದ್ದಕ್ಕೆ ನುಚ್ಚಿನ ಲೆಕ್ಕವನ್ನೂ ಒಪ್ಪಿಸಿದರು. ಪಾಪ, ಗುಮಾಸ್ತರ ಪೆನ್ನು ಕೈಯಿಂದ ಜಾರಿತಂತೆ. ಎತ್ತಿಕೊಂಡು, ಕೆಂಪು ಶಾಯಿಯಲ್ಲಿ, ‘ಮಗು ಮಾರಲ್ಪಟ್ಟಿದೆ, ಚೌಕಶಿ ಆಗತಕ್ಕದ್ದು’ ಎಂದು ಅರ್ಜಿಯ ಮೇಲೆ ಷರಾ ಬರೆದರು. ಇಬ್ಬರೂ ಕೆಲಸ ಆಯಿತೆಂದು ಖುಷಿಯಿಂದ ಕಬ್ಬಿನ ಹಾಲು ಕುಡಿದು ಮನೆಗೆ ಬಂದರು.

ಆ ಷರಾದ ಮೇಲೆ ತಮ್ಮ ಸಹಿ ಬಿತ್ತು. ಚೌಕಶಿಗೆ, ಅಂದರೆ ವಿಚಾರಣೆಗೆ, ಹಾಜರಾಗಿ ಎಂದು ನೋಟೀಸು ಬಂತು. ಕಳೆದ ತಿಂಗಳು ನಾವು ಮೂವರು, ರಾಧಾಬಾಯಿ ದಂಪತಿಗಳು, ಹೀಗೆ ಐದೂ ಜನ, ಮುದ್ದೆಮಾಲಾದ ಕೂಸಿನ ಸಮೇತ, ತಮ್ಮ ಮೇಜಿನ ಮುಂದೆ ನಿಂತೆವು. ತಾವು ಕೆಟ್ಟವರಲ್ಲ, ಅದೇ ನನ್ನ ದೊಡ್ಡ ತಕರಾರು. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಆ ದಿನ ನಡೆದದ್ದು ತಮಗೆ ನೆನಪಿರಬೇಕು. ನಾನಿನ್ನೂ ನಮಸ್ಕಾರ ಹೇಳುತ್ತಿದ್ದೆ, ಅಷ್ಟರಲ್ಲಿ ಕೂಸು ರೇಣುವಿನ ಸೊಂಟದಿಂದ ಬಾಗಿ ತಮ್ಮ ಮೇಜಿನ ಮೇಲಿನ ದುಂಡು ಶಿಕ್ಕಾವನ್ನು, ಅದೇ ಕಚೇರಿಯ ಮೊಹರನ್ನು, ಹಿಡಿದು ಬಾಯಿಗಿಟ್ಟಿತು. ಶಿಪಾಯಿ ಕಸಿಯಲು ಹೋದ. ಐದು ಜನ ಒಟ್ಟಿಗೇ ‘ಬ್ಯಾಡ!’ ಎಂದು ಕೂಗಿದೆವು. ಅಳಿಸಬಾರದು ಎಂದು ನಾನು ಕಾರಣ ಹೇಳಿದೆ. ತಾವು ಶಿಪಾಯಿಯ ಕೈ ಹಿಡಿದು ನಿಲ್ಲಿಸಿದಿರಿ. ಶಿಕ್ಕಾ ಇಲ್ಲದೆ ಇಡೀ ಕಚೇರಿಯ ಕೆಲಸ ನಿಂತಿತು. ಸಾಲಿನಲ್ಲಿದ್ದ ಜನ ಗೊಣಗುವುದು ಬಿಟ್ಟು ಅವಳಿಗೆ ಚಪ್ಪಾಳೆ ತಟ್ಟತೊಡಗಿದರು. ತಾವೂ, ಸಾಹೇಬರೇ, ಸುತ್ತ ನೋಡಿ, ಮೆಲ್ಲಗೆ, ಗಿಳಿ ಕೂಗಿದಂತೆ ಒಂದು ದನಿ ಹೊರಡಿಸಿದಿರಿ. ನಾನು ಕೇಳಿದ್ದೇನೆ, ಇಲ್ಲವೆನ್ನಬೇಡಿ. ಅವಳು ನಕ್ಕಳು. ಹಾಗೇ ಶಿಕ್ಕಾ ಹಿಡಿದುಕೊಂಡೇ ರೇಣುವಿನ ಹೆಗಲ ಮೇಲೆ ನಿದ್ದೆ ಹೋದಳು. ಆಮೇಲೆ ತಾವು ಅದನ್ನು ಅವಳ ಬೆರಳುಗಳಿಂದ ಬಿಡಿಸಿ, ಕರ್ಚೀಫಿನಿಂದ ಒರೆಸಿ, ಸಾಲಿನಲ್ಲಿ ಮುಂದಿದ್ದ ಮನುಷ್ಯನ ಕಾಗದದ ಮೇಲೆ ಒತ್ತಿದಿರಿ. ಅದು ಯಾರದೋ ಮರಣದಾಖಲೆ. ಜೊಲ್ಲು ಇನ್ನೂ ಪೂರ್ತಿ ಹೋಗಿರಲಿಲ್ಲ, ಶಾಯಿ ಸ್ವಲ್ಪ ಹರಡಿತು. ಆ ಕಾಗದಕ್ಕೆ ಯಾವ ಚೌಕಶಿಯೂ ಬೇಕಾಗಲಿಲ್ಲ. ಸಾಯುವುದು ತಮ್ಮಲ್ಲಿ ಅಷ್ಟು ಸುಲಭವೇ?

ನಮಗೆ ಮಾತ್ರ ಅಫಿಡವಿಟ್ ಕೊಡಿ ಎಂದಿರಿ. ಒಂದೇ ಒಂದು ವಾಕ್ಯ, ಅವ್ವ, ರಾಧಾಬಾಯಿ, ನಾನು, ಹೀಗೆ ಮೂರು ಜನರ ಸಹಿ, ಮರುದಿನವೇ ದಾಖಲೆ. ಆ ವಾಕ್ಯವನ್ನು ನಾನಿಲ್ಲಿ ನಕಲು ಮಾಡುವುದಿಲ್ಲ. ಯಾಕೆಂದು ಕಡೆಯಲ್ಲಿ ಹೇಳುತ್ತೇನೆ. ಕೂಸು ಯಾರದು ಎಂಬುದಕ್ಕೆ ಅದರಲ್ಲಿ ಉತ್ತರವಿತ್ತು ಎಂದರೆ ಸಾಕು. ಅವ್ವ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ‘ಹೆತ್ತಾಕಿ ರೇಣು. ಅದನ್ನ ಯಾರು ಅಲ್ಲ ಅಂದಾರ? ನಮ್ಮ ಆಕಳ ಕರಾ ನಿಮಗ ಮಾರಿದ್ರ ಅದು ನಿಮ್ಮದೋ ನಮ್ಮದೋ? ನುಚ್ಚು ಉಂಡೇವಿ, ಈಗ ಇಲ್ಲ ಅನ್ನಾಕ ಬರತೈತೇನ್ರಿ?’ ಇದಕ್ಕೆ ಯಾವ ವಕೀಲ ಉತ್ತರ ಕೊಡುತ್ತಾನೆ? ರಾಧಾಬಾಯಿಯವರೂ ಖಡಾಖಂಡಿತ ಹೇಳಿದರು, ‘ಆಪರೇಶನ್ ಆಗೂತನಕಾ ನನ್ನ ಹಕ್ಕು ನಾ ಬಿಡಂಗಿಲ್ಲ.’ ಆಗ ತಾವು ಪೆನ್ನನ್ನು ನನ್ನ ಕಡೆ ತಿರುಗಿಸಿ ‘ನೀವು ಕಲಿತವರು, ನೀವರೆ ಸಹಿ ಮಾಡ್ರಿ, ಉಳಿದದ್ದು ನಾ ನೋಡ್ಕೋತೀನಿ’ ಎಂದಿರಿ. ಎಷ್ಟು ಔದಾರ್ಯ. ನಾನು ಪೆನ್ನು ಹಿಡಿದೆ. ಬಿ.ಎಸ್‌ಸಿ., ಸೆಕೆಂಡ್ ಕ್ಲಾಸ್. ರೇಣು ನನ್ನ ಕೈ ನೋಡುತ್ತಿದ್ದಳು. ಕೂಸು ಅವಳ ಹೆಗಲ ಮೇಲೆ ಬಾಯಿ ತೆರೆದು ಮಲಗಿತ್ತು, ತುಟಿ ಆ ಹೊತ್ತಿಗೆ ಕೆಂಪಗೇ ಇತ್ತು. ಸಾಹೇಬರೇ, ನನ್ನ ಕೈ ಏಳಲಿಲ್ಲ. ಹೆದರಿದೆ. ಚೆನ್ನಾಗಿಯೇ ಹೆದರಿದೆ. ಇದನ್ನು ನಂಬುತ್ತೇನೆಯೇ ಎಂದು ಕೇಳಿದರೆ ಇಲ್ಲವೆನ್ನುತ್ತೇನೆ. ಸಹಿ ಮಾಡು ಎಂದರೆ ಅದೂ ಆಗುವುದಿಲ್ಲ. ತಾವು ‘ಕಲಿತವರೂ ಹಿಂಗ ಮಾಡಿದರ’ ಎಂದದ್ದು ಆಗಲೇ.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು, ‘ಆ ಫಳಿ ಮ್ಯಾಲ ಸಾಹೇಬನ ಹೆಸರು ಏನಂತ ಬರದೈತೋ?’ ನಾನು ಓದಿದ್ದನ್ನು ಹೇಳಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ತಮ್ಮ ಮರ್ಯಾದೆ ನನಗೆ ಮುಖ್ಯ. ಪುಣೆಯವರಿಗೆ ಅದು ಬರಿಯ ಒಂದು ಕಾನಡಿ ಹೆಸರು, ಉಚ್ಚರಿಸಲು ತುಸು ಕಷ್ಟ. ನಮ್ಮ ಕಡೆಯವರಿಗೆ ಹಾಗಲ್ಲ. ಅವ್ವ ಅಲ್ಲಿಯೇ, ಸೈಕಲ್ ಸ್ಟ್ಯಾಂಡಿನ ಹತ್ತಿರ, ನಿಂತುಬಿಟ್ಟಳು. ‘ಅಯ್ಯ ನನ ಶಿವನ! ಆ ಹೆಸರ ಯಾರರೆ ಖುಷೀಲೆ ಇಡ್ತಾರೇನೋ? ಈತನ್ನೂ ತಿಪ್ಪಿ ಮ್ಯಾಲ ಇಟ್ಟು ಎತ್ಕೊಂಡಾರ. ಇವನಕಿಂತ ಮೊದಲ ಎಷ್ಟು ಕೂಸು ಹೋಗಿದ್ದುವೋ ಏನೋ, ಪಾಪ ಅವರವ್ವಂಗ. ನೋಡು, ಬದುಕ್ಯಾನ! ಬದುಕಿ, ಬಾಳಿ, ಸಾಹೇಬ ಆಗಿ ಖುರ್ಚಿ ಮ್ಯಾಲ ಕುಂತಾನ!’ ಎಂದು ತಮ್ಮ ಕಿಟಕಿಯ ಕಡೆಗೆ ಎರಡೂ ಕೈ ನಿವಾಳಿಸಿ ನೆಟಿಕೆ ಮುರಿದಳು. ಒಳಗಿನಿಂದ ನೋಡಿದ ತಾವು ಈ ಮುದುಕಿ ಶಾಪ ಹಾಕುತ್ತಿದ್ದಾಳೆ ಎಂದುಕೊಂಡಿರಬಹುದು. ಅಲ್ಲ. ಆಕೆ ತಮ್ಮ ದೃಷ್ಟಿ ತೆಗೆಯುತ್ತಿದ್ದಳು. ಮನೆ ಮುಟ್ಟುವತನಕ ಬಸ್ಸಿನಲ್ಲಿ ಅವಳ ಬಾಯಲ್ಲಿ ತಮ್ಮದೇ ಮಾತು. ಆ ಸಂಜೆ ಅವಳು ಎರಡು ರೊಟ್ಟಿ ಹೆಚ್ಚಿಗೆ ಉಂಡಳು, ಮೇ ತಿಂಗಳ ನಂತರ ಅದೇ ಮೊದಲು.

ಆದ್ದರಿಂದ ಕೇಳುತ್ತೇನೆ. ತಮ್ಮ ತಾಯಿಯವರನ್ನು ಆ ಕಾಲದಲ್ಲಿ ಯಾರಾದರೂ ಸಾಹೇಬರು ಕರೆಸಿ, ‘ಇದು ಯಾರ ಕೂಸು, ಬರೆದುಕೊಡು’ ಎಂದಿದ್ದರೆ ಆಕೆ ಏನು ಮಾಡುತ್ತಿದ್ದರು? ಬರೆದುಕೊಡುತ್ತಿದ್ದರೇ? ಭಾನುವಾರ ಊರಿಗೆ ಎಸ್‌ಟಿಡಿ ಮಾಡಿ ಕೇಳಿರಿ, ಅವರು ಇದ್ದರೆ. ಇಲ್ಲದಿದ್ದರೆ ತಮ್ಮನ್ನೇ ಕೇಳಿಕೊಳ್ಳಿರಿ.

ನನ್ನ ಬೇಡಿಕೆ ಸಣ್ಣದು. ಹೆತ್ತವಳ ಹೆಸರು ತಮ್ಮ ರಜಿಸ್ಟರಿನಲ್ಲಿ ಆಗಲೇ ಇದೆ. ನರ್ಸಿಂಗ್ ಹೋಮಿನ ಕಾಗದ ಅದಕ್ಕೆ ಲಗತ್ತಿಸಿದೆ. ಹೆಸರು ಸೇರಿಸಲು ಕಾಯಿದೆಗೆ ಅಷ್ಟು ಸಾಕು ಎಂದು ಅವಧೂತರಾಯರು, ಕನ್ನಡಕವಿಲ್ಲದಿದ್ದರೂ, ಪುಸ್ತಕ ತರಿಸಿ ಓದಿದ್ದಾರೆ. ಖಾಲಿ ಜಾಗದಲ್ಲಿ ‘ಮುಕ್ತಾ’ ಎಂದು ಬರೆಯಿರಿ, ಶಿಕ್ಕಾ ಒತ್ತಿರಿ, ಮತ್ತು ಆ ಕೂಸು ಯಾರದು ಎಂದು ಮಾತ್ರ ದಯವಿಟ್ಟು ನಮ್ಮನ್ನು ಕೇಳಬೇಡಿ. ಸಂಕ್ರಾಂತಿಯ ಮರುವಾರ ಒಂದು ತಾರೀಖು ಖಾಲಿಯಿದೆ ಎಂದು ದವಾಖಾನೆಯವರು ಹೇಳಿದ್ದಾರೆ. ಅದು ತಪ್ಪಿದರೆ ಮುಂದಿನದು ಬೇಸಿಗೆಗೆ. ಬೇಸಿಗೆಯವರೆಗೆ ಅಳಿಸದೆ ಇಡುವುದು ನಮ್ಮಿಂದ ಆಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.

ತಾರೀಖು ಸಿಕ್ಕು, ಎಲ್ಲ ಸರಿಯಾಗಿ, ಅವಳು ಮನೆಗೆ ಬಂದಮೇಲೆ, ರಾಧಾಬಾಯಿಯವರಿಗೆ ಸೀರೆ ಕುಪ್ಪಸ ಕೊಟ್ಟು ಉಡಿ ತುಂಬಿ, ಮೊರ ತುಂಬ ನುಚ್ಚು ಹಿಂದಿರುಗಿಸಿ ವ್ಯವಹಾರ ಮುಗಿಸುತ್ತೇವೆ. ಅಂದು ಅವಳನ್ನು ಎತ್ತಿಕೊಂಡು ನೇರ ತಮ್ಮ ಕಚೇರಿಗೆ ಬರುತ್ತೇನೆ. ಶಿಕ್ಕಾ ಮೇಜಿನ ಮೇಲೆಯೇ ಇಟ್ಟಿರಿ. ಅವಳು ಹಿಡಿಯುತ್ತಾಳೆ. ತಾವು ಯಾವ ಮುಲಾಜಿಲ್ಲದೆ ಕಸಿದುಕೊಳ್ಳಿರಿ. ಅಳಲಿ. ಕಚೇರಿ ಹಾರಿಹೋಗುವ ಹಾಗೆ, ಕೆಂಪಗೆ, ಮನಸ್ಸು ತುಂಬ ಅಳಲಿ. ಆ ಗದ್ದಲದಲ್ಲಿ ತಾವು ಬೇಕಾದರೆ ತಮ್ಮ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿರಿ. ಈ ಇಡೀ ಪತ್ರದಲ್ಲಿ ರಾಧಾಬಾಯಿಯವರ ಬಾಯಿಂದಲ್ಲದೆ ನನ್ನ ಕೈಯಿಂದ ಒಮ್ಮೆಯೂ ಬರೆಯದೆ ಉಳಿಸಿಕೊಂಡು ಬಂದ ಎರಡು ಶಬ್ದಗಳಿವೆ, ತಾವು ಗಮನಿಸಿದಿರೋ ಇಲ್ಲವೋ. ಅಂದು ಅವನ್ನು ನಾನು ಅವಳ ಅಳುವಿಗಿಂತ ಜೋರಾಗಿ ಹೇಳುತ್ತೇನೆ.

ಇಂತಿ,
ರಾಧಾಬಾಯಿಯವರ ಮಗಳನ್ನು ಸದ್ಯಕ್ಕೆ ಎತ್ತಿಕೊಂಡು ತಿರುಗುವ
ಪಕ್ಕದ ಮನೆಯ ಮಾಂತು
ಹಡಪಸರ, ಪುಣೆ
ಡಿಸೆಂಬರ್ ೧೯೯೯